ಹದಿನೈದು ಬಿಲ್ಲೆ, ಒಂದು ಖಾಲಿ ಮನೆ

ಪ್ರಪಂಚದಲ್ಲಿ ಯಾರಿಂದಲೂ ಆಗದ ಕೆಲಸ ಒಂದಿದೆ, ಅದು ತನ್ನ ಅಂಗಡಿಯ ಬಾಗಿಲಲ್ಲೇ ನೇತಾಡುತ್ತಿದೆ ಎಂಬ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಬುಗುರಿ ಮಾಮ ಎಷ್ಟೋ ವರ್ಷ ಸುಖವಾಗಿದ್ದ.

ಅವನದು ಮರದ ಆಟಿಕೆಗಳ ಅಂಗಡಿ. ಮುಂದೆ ಅಂಗಡಿ, ನಡುವೆ ಲೇತ್ ಇಟ್ಟ ಕೆಲಸದ ಕೋಣೆ, ಹಿಂದೆ ಮನೆ. ಬುಗುರಿ, ಗಿಲಕಿ, ಎಳೆಯುವ ಬಂಡಿ ಇವೆಲ್ಲ ಹೊಟ್ಟೆಪಾಡಿಗೆ. ಪ್ರೀತಿ ಮಾತ್ರ ತಲೆಗೆ ಕೆಲಸ ಕೊಡುವ ಆಟಿಕೆಗಳ ಮೇಲೆ. ಬಿಚ್ಚಿದರೆ ಮತ್ತೆ ಸೇರದ ಮರದ ಗಂಟು, ಮುಚ್ಚಳ ಎಲ್ಲಿದೆಯೆಂದೇ ತಿಳಿಯದ ಡಬ್ಬಿ, ಒಂದು ಕಡ್ಡಿಯಿಂದ ಇನ್ನೊಂದಕ್ಕೆ ದಾಟಿಸಬೇಕಾದ ಬಳೆಗಳು. ಬುಗುರಿ ಮಾಮ ಎಂಬುದು ಬೀದಿಯ ಮಕ್ಕಳು ಇಟ್ಟ ಹೆಸರು. ಈಗ ಆ ಮಕ್ಕಳ ಮಕ್ಕಳೂ ಹಾಗೇ ಕರೆಯುತ್ತಿದ್ದರು. ಕೋಪ ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು.

ಬಾಗಿಲಲ್ಲಿ ನೇತಾಡುತ್ತಿದ್ದದ್ದು ಒಂದು ಹಲಗೆ. ಊಟದ ತಟ್ಟೆಯಷ್ಟು ಅಗಲದ ಚೌಕ. ಅದರಲ್ಲಿ ನಾಲ್ಕು ಸಾಲು, ಸಾಲಿಗೆ ನಾಲ್ಕು ಮನೆ. ಹದಿನೈದು ಮನೆಗಳಲ್ಲಿ ಒಂದರಿಂದ ಹದಿನೈದರವರೆಗೆ ಅಂಕಿ ಕೊರೆದ ಬಿಲ್ಲೆಗಳು, ಕೊನೆಯ ಮನೆ ಖಾಲಿ. ಪಕ್ಕದ ಬಿಲ್ಲೆಯನ್ನು ಖಾಲಿ ಮನೆಗೆ ಜರುಗಿಸಬಹುದು. ಆಗ ಅದರ ಮನೆ ಖಾಲಿಯಾಗುತ್ತದೆ, ಅಲ್ಲಿಗೆ ಇನ್ನೊಂದನ್ನು ಜರುಗಿಸಬಹುದು. ಎತ್ತಿಡುವಂತಿಲ್ಲ. ಒಂದರ ನಾಲಿಗೆ ಇನ್ನೊಂದರ ತೋಡಿಗೆ ಕೂರುವಂತೆ ಬಿಲ್ಲೆಗಳ ಅಂಚನ್ನು ಅವನು ಕೊರೆದಿದ್ದ. ಹಿಂಬದಿಯ ಸ್ಕ್ರೂಗಳ ಮೇಲೆ ಅರಗು ಕರಗಿಸಿ ಬಿಟ್ಟು, ಅದು ಗಟ್ಟಿಯಾಗುವ ಮೊದಲೇ ತನ್ನ ಹೆಬ್ಬೆರಳು ಒತ್ತಿ ಮುದ್ರೆ ಹಾಕಿದ್ದ. ಅಂಕಿಗಳೆಲ್ಲ ಸಾಲಾಗಿಯೇ ಇದ್ದವು, ಕೊನೆಯ ಎರಡನ್ನು ಬಿಟ್ಟು. ಹದಿಮೂರರ ಪಕ್ಕದಲ್ಲಿ ಹದಿನೈದು, ಆಮೇಲೆ ಹದಿನಾಲ್ಕು. ಹಲಗೆಯ ಕೆಳಗೆ ಕಾಸಿದ ಕಬ್ಬಿಣದಿಂದ ಬರೆದಿದ್ದ: "ಒಂದರಿಂದ ಹದಿನೈದರವರೆಗೆ ಸಾಲಾಗಿ ಜೋಡಿಸಿದವರು ಅಂಗಡಿಯಲ್ಲಿ ಕೈ ತೋರಿಸಿದ್ದನ್ನು ಪುಕ್ಕಟೆ ಒಯ್ಯಬಹುದು."

ನೋಡಿದವರಿಗೆಲ್ಲ ಇಷ್ಟೇ ತಾನೇ ಅನಿಸುತ್ತಿತ್ತು. ಅನಿಸುವುದೇ ಬೇರೆ, ಆಗುವುದೇ ಬೇರೆ. ಮಾಮನಿಗೆ ಕೆಲಸ ಕಲಿಸಿದ ಮುದುಕ ಬಡಗಿ ಇದರ ಗುಟ್ಟು ಹೇಳಿಕೊಟ್ಟಿದ್ದ. ಬಿಲ್ಲೆ ಜರುಗಿಸಿದಾಗಲೆಲ್ಲ ಖಾಲಿ ಮನೆ ಒಂದು ಹೆಜ್ಜೆ ನಡೆಯುತ್ತದೆ. ಎಡಕ್ಕೆ ಹೋದಷ್ಟೇ ಬಲಕ್ಕೆ, ಮೇಲಕ್ಕೆ ಹೋದಷ್ಟೇ ಕೆಳಕ್ಕೆ ಬಂದರೆ ಮಾತ್ರ ಅದು ಹೊರಟ ಮೂಲೆಗೆ ಮರಳೀತು. ಅಂದಮೇಲೆ ಒಟ್ಟು ಹೆಜ್ಜೆ ಯಾವಾಗಲೂ ಸಮಸಂಖ್ಯೆ. ಆದರೆ ಉಳಿದವೆಲ್ಲ ಇದ್ದಲ್ಲೇ ಇದ್ದು ಎರಡೇ ಬಿಲ್ಲೆ ಅದಲುಬದಲಾಗಬೇಕಾದರೆ ಬೆಸಸಂಖ್ಯೆಯೇ ಬೇಕು. ಸಮ ಎಂದಾದರೂ ಬೆಸವಾದೀತೇ? ಹಗಲೂ ರಾತ್ರಿ ಬಿಲ್ಲೆ ಉಜ್ಜಿದರೂ ಬೆರಳು ಸವೆದೀತೇ ಹೊರತು ಹದಿನಾಲ್ಕು ಹದಿನೈದಕ್ಕಿಂತ ಮೊದಲು ಬಂದು ನಿಲ್ಲದು.

ಈ ಗುಟ್ಟನ್ನು ಮಾಮ ಹೆಂಡತಿಗೊಬ್ಬಳಿಗೆ ಹೇಳಿದ್ದ. ಅವಳು, "ಇದು ಜನರಿಗೆ ಚಳ್ಳೆಹಣ್ಣು ತಿನ್ನಿಸೋ ಕೆಲ್ಸ ಅಲ್ವೇನ್ರಿ?" ಅಂದಿದ್ದಳು. "ಯಾರ ಹತ್ರಾನೂ ಕಾಸು ಇಸ್ಕೊಳ್ಳಲ್ಲ, ಬರೀ ತಮಾಷೆ ಕಣೇ," ಅಂದು ಅವನು ಬಾಯಿ ಮುಚ್ಚಿಸಿದ್ದ.

ಹಲಗೆಯ ಮುಂದೆ ನಿಲ್ಲದ ಜನವಿಲ್ಲ. ಸೈಕಲ್ ಅಂಗಡಿಯವನು ಗ್ರೀಸಿನ ಕೈಯನ್ನು ಚಡ್ಡಿಗೆ ಒರೆಸಿಕೊಂಡು ಬರುತ್ತಿದ್ದ, ಎದುರುಸಾಲಿನ ದರ್ಜಿ ಕೊರಳಲ್ಲಿ ಟೇಪು ಹಾಕಿಕೊಂಡೇ ಬರುತ್ತಿದ್ದ. ಇವರೆಲ್ಲ ಬಂದು ಹೋಗುವವರು. ಬಿಡದೆ ಬರುತ್ತಿದ್ದವರು ಒಬ್ಬರೇ, ಬೀದಿಯ ತುದಿಯ ಹಲ್ಲಿನ ಡಾಕ್ಟರು. ಎತ್ತರದ ಆಳು, ಒಂಟಿ ಜೀವ. ಮಧ್ಯಾಹ್ನ ಕ್ಲಿನಿಕ್ ಮುಚ್ಚಿದ ಹೊತ್ತಲ್ಲಿ ಬಿಳಿ ಕೋಟಿನಲ್ಲೇ ಬಂದು, ಸ್ಟೂಲು ಎಳೆದುಕೊಂಡು, ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ಟಕ್ ಟಕ್ ಟಕ್. ಕೊನೆಗೊಂದು ದೊಡ್ಡ ನಿಟ್ಟುಸಿರು. "ಇವತ್ತೂ ಆಗ್ಲಿಲ್ಲ ಯಜಮಾನ್ರೇ!"

"ಇನ್ನೇನು ಸ್ವಲ್ಪದ್ರಲ್ಲಿ ತಪ್ಪೋಯ್ತು ಡಾಕ್ಟ್ರೇ! ನಾಳೆ ಆಗೇ ಆಗುತ್ತೆ," ಅನ್ನುತ್ತಿದ್ದ ಮಾಮ, ಮುಖ ಗಂಟಿಕ್ಕಿಕೊಂಡು. ಅವರು ಬೀದಿ ತಿರುಗಿದ ಮೇಲೆ ಕೆಲಸದ ಕೋಣೆಗೆ ಓಡಿಹೋಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಹಲ್ಲು ಕೀಳೋದು ಕಲ್ತಿದಾರೆ, ತಲೆ ಓಡ್ಸೋದು ಕಲೀಲಿಲ್ಲ ನೋಡೇ!" ಹೆಂಡತಿಯೂ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ಆ ನಗುವಿನ ಮೇಲೆ ಅವರ ಎಷ್ಟೋ ಮಧ್ಯಾಹ್ನಗಳು ಸಾಗಿದ್ದವು. ಸಂಜೆ ಬಾಗಿಲು ಹಾಕುವ ಮುನ್ನ ಮಾಮ ಬಿಲ್ಲೆಗಳನ್ನೆಲ್ಲ ಮತ್ತೆ ಮೊದಲಿನಂತೆ ತಂದು ನಿಲ್ಲಿಸುತ್ತಿದ್ದ.

ಆ ದಿನವೂ ಮಾಮ ಊಟ ಮಾಡಿ, ಚಾಪೆಯ ಮೇಲೆ ಒಂದು ಕೋಳಿನಿದ್ದೆ ತೆಗೆದು, ಕಣ್ಣುಜ್ಜುತ್ತ ಅಂಗಡಿಗೆ ಬಂದ. ಹೆಂಡತಿ ಗಿರಾಕಿಯೊಬ್ಬಳಿಗೆ ಗಿಲಕಿ ತೋರಿಸುತ್ತಿದ್ದಳು. ಸ್ಟೂಲು ಖಾಲಿಯಿತ್ತು. ಸ್ಟೂಲಿನ ಮೇಲೆ ಹಲಗೆ ಬಿದ್ದಿತ್ತು. ಎತ್ತಿ ಮೊಳೆಗೆ ತಗುಲಿಸಲು ಹೋದವನು ಕೈ ಮೇಲೆತ್ತಿದ ಹಾಗೇ ನಿಂತುಬಿಟ್ಟ.

ಹನ್ನೆರಡು, ಹದಿಮೂರು, ಹದಿನಾಲ್ಕು, ಹದಿನೈದು.

ಅವನು ಮೇಲಿನಿಂದ ಓದಿದ. ಒಂದು, ಎರಡು, ಮೂರು. ಬೆರಳಿಟ್ಟು ಓದಿದ. ನಾಲ್ಕು, ಐದು, ಆರು, ಏಳು. ಎಲ್ಲ ಸಾಲಾಗಿದ್ದವು. ಕೈಯಲ್ಲಿದ್ದ ಹಲಗೆ ಸುಡುತ್ತಿರುವಂತೆ ಅದನ್ನು ಕೌಂಟರಿನ ಮೇಲೆ ಹಾಕಿದ. ಸತ್ತವನೊಬ್ಬ ಎದ್ದು ಬಂದು ಒಂದು ಲೋಟ ನೀರು ಕೇಳಿದ್ದರೂ ಅವನಿಗೆ ಅಷ್ಟು ದಿಗಿಲಾಗುತ್ತಿರಲಿಲ್ಲ. ಸತ್ತವರು ಏಳುವುದಿಲ್ಲ ಅನ್ನುವುದಕ್ಕೆ ಅವನ ಹತ್ತಿರ ಲೆಕ್ಕವಿರಲಿಲ್ಲ, ಇದಕ್ಕೆ ಲೆಕ್ಕವಿತ್ತು.

"ಯಾರು ಬಂದಿದ್ರು?" ಅಂದ. ಹೆಂಡತಿ ಗಿರಾಕಿಯ ಜೊತೆ ಮಾತಾಡುತ್ತಲೇ ಇದ್ದಳು. ಗಿರಾಕಿ ಹೋಗುವವರೆಗೆ ಕಾದು ಮತ್ತೆ ಕೇಳಿದ. "ಯಾರೇ ಬಂದಿದ್ದೋರು?"

"ಇನ್ಯಾರು ಬರ್ತಾರೆ ಈ ಹೊತ್ತಲ್ಲಿ, ಡಾಕ್ಟ್ರು. ಯಾವ್ದೋ ಮಗು ಮೆಟ್ಲಿಂದ ಬಿದ್ದು ಹಲ್ಲು ಮುರ್ಕೊಂಡಿದೆ ಅಂತ ಫೋನ್ ಬಂತು. ಇದ್ದದ್ದು ಇದ್ದ ಹಾಗೇ ಬಿಟ್ಟು ಓಡಿದ್ರು." ಹೆಂಡತಿ ಹಲಗೆ ನೋಡಿದಳು. ಅವಳ ಮುಖದ ಬಣ್ಣ ಒಂದು ಕ್ಷಣ ಬದಲಾಯಿತು. ಮಾಮ ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ.

"ಸ್ಕ್ರೂಡ್ರೈವರ್ ಕೊಟ್ಟಿದ್ಯಾ ಅವ್ರಿಗೆ?"

"ನಾನ್ಯಾಕೆ ಕೊಡ್ಲಿ?"

ಅವನು ಹಲಗೆಯನ್ನು ಬೋರಲು ಹಾಕಿದ. ಅರಗು ಹಾಗೇ ಇತ್ತು. ಅದರ ಮೇಲೆ ಅವನ ಹೆಬ್ಬೆರಳಿನ ಗೆರೆಗಳು ಹಾಗೇ ಇದ್ದವು, ಎಳೆತನದ ದಿನಗಳ ಒಂದು ಗಾಯದ ಗುರುತು ಸಮೇತ. ಬಿಲ್ಲೆಗಳ ಅಂಚಿಗೆ ಉಗುರು ಹಾಕಿ ಎಬ್ಬಿಸಲು ನೋಡಿದ, ಅಲುಗಲಿಲ್ಲ. ಭೂತಗನ್ನಡಿ ತಂದು ಹದಿನಾಲ್ಕರ ನಾಲ್ಕನ್ನೂ ಹದಿನೈದರ ಐದನ್ನೂ ನೋಡಿದ, ಯಾರಾದರೂ ಕೆರೆದು ತಿದ್ದಿರಬಹುದೆಂದು. ಅವನದೇ ಉಳಿ, ಅವನದೇ ಕೊರೆತ.

"ಏನ್ರಿ ಆಯ್ತು? ಗರ ಬಡಿದೋರ ಹಾಗೆ ನಿಂತಿದೀರಿ?"

"ನಿಂಗೆ ಅರ್ಥ ಆಗ್ತಿಲ್ವೇನೇ? ಇದು ಆಗಕೂಡ್ದು! ಇದು ಆಗೋಕೆ ಸಾಧ್ಯಾನೇ ಇಲ್ಲ!" ಅವನು ಕೂಗಿದ ಕೂಗಿಗೆ ಎದುರುಸಾಲಿನ ದರ್ಜಿಯ ಯಂತ್ರ ನಿಂತಿತು. ಮಾಮ ಹೊರಗೆ ಬಂದು, ನೆತ್ತಿಯ ಮೇಲೆ ಸೂರ್ಯ ಇರುವಾಗಲೇ ಶಟರನ್ನು ಧಡಾರನೆ ಎಳೆದ. ಆ ಬೀದಿ ಅಂಥದ್ದನ್ನು ಕಂಡಿರಲಿಲ್ಲ. ಯಾರೋ ಹೋಗಿಬಿಟ್ಟರೇನೋ ಎಂದು ಸೈಕಲ್ ಅಂಗಡಿಯವನು ಓಡಿ ಬಂದು ಶಟರ್ ಬಡಿದ. "ಎಲ್ಲ ಚೆನ್ನಾಗಿದೀವಿ, ನೀನು ಹೋಗಪ್ಪ," ಎಂದು ಹೆಂಡತಿ ಒಳಗಿಂದಲೇ ಹೇಳಿ ಕಳಿಸಿದಳು.

ಕೆಲಸದ ಕೋಣೆಯಲ್ಲಿ ದೀಪ ಹಾಕಿಕೊಂಡು ಮಾಮ ಕೂತ. ಮುದುಕ ಬಡಗಿ ಹೇಳಿದ ಲೆಕ್ಕವನ್ನು ಸೀಮೆಸುಣ್ಣದಿಂದ ಮರದ ತುಂಡಿನ ಮೇಲೆ ಮತ್ತೆ ಹಾಕಿದ. ಎಲ್ಲೂ ಬಿರುಕಿಲ್ಲ. ಖಾಲಿ ಮನೆ ಹೊರಟ ಮೂಲೆಗೇ ಬರಬೇಕು, ಹೆಜ್ಜೆ ಸಮವಾಗಬೇಕು... ಅವನ ಕೈ ನಿಂತಿತು. ಹೊರಟ ಮೂಲೆಗೇ ಬರಬೇಕು. ಹಲಗೆಯ ಕಡೆ ತಿರುಗಿದ. ಕೆಳಗಿನ ಕೊನೆಯ ಮೂಲೆಯಲ್ಲಿ ಹದಿನೈದು ಕೂತಿತ್ತು.

ಖಾಲಿ ಮನೆ ಮೇಲಿತ್ತು. ಮೊಟ್ಟಮೊದಲ ಜಾಗದಲ್ಲಿ, ಒಂದಕ್ಕೂ ಮೊದಲು.

ಇಷ್ಟು ಹೊತ್ತು ಅಂಕಿಗಳನ್ನೇ ನೋಡುತ್ತಿದ್ದವನು ಅಂಕಿಯಿಲ್ಲದ ಜಾಗವನ್ನು ನೋಡಿರಲೇ ಇಲ್ಲ. ಬೆವರು ಹುಬ್ಬಿನಿಂದ ಇಳಿದು ಕಣ್ಣಿಗೆ ಹೋಯಿತು. ಲೆಕ್ಕ ತಾನಾಗಿಯೇ ಬಂತು, ಬೇಡವೆಂದರೂ ಬಂತು. ಹದಿನೈದು ಬಿಲ್ಲೆಗಳೂ ಒಂದೊಂದು ಮನೆ ಮುಂದಕ್ಕೆ ಜರುಗಿವೆ. ಅದಕ್ಕೆ ಬೇಕಾದ ಅದಲುಬದಲು ಹದಿನೈದು, ಬೆಸ. ಹದಿನಾಲ್ಕು ಮತ್ತು ಹದಿನೈದರ ನಡುವೆ ಒಂದು, ಅದೂ ಬೆಸ. ಬೆಸಕ್ಕೆ ಬೆಸ ಸೇರಿದರೆ ಸಮ. ಖಾಲಿ ಮನೆ ಒಂದು ಮೂಲೆಯಿಂದ ಎದುರು ಮೂಲೆಗೆ ಮೂರು ಮೇಲೆ, ಮೂರು ಪಕ್ಕಕ್ಕೆ ನಡೆದರೆ ಅದೂ ಸಮ. ಕೂದಲೆಳೆಯಷ್ಟೂ ತಪ್ಪಿಲ್ಲದೆ ಹೊಂದಿತು. ಮುದುಕ ಬಡಗಿಯ ಲೆಕ್ಕ ಸರಿಯಾಗಿಯೇ ಇತ್ತು, ತಪ್ಪಿದ್ದು ತನ್ನ ಬರಹ. "ಸಾಲಾಗಿ ಜೋಡಿಸಿದವರು" ಎಂದು ಬರೆದಿದ್ದ. ಖಾಲಿ ಮನೆ ಎಲ್ಲಿರಬೇಕೆಂದು ಬರೆದಿರಲೇ ಇಲ್ಲ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಇಷ್ಟು ವರ್ಷ ಎಣಿಸಿದ್ದ. ನಾಲ್ಕನೆಯ ಕಾಲು ಎದುರಿಗೇ ಇತ್ತು.

ಹೊತ್ತು ಇಳಿಯುವಾಗ ಅವನು ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಕ್ಲಿನಿಕ್‌ಗೆ ಹೋದ. ಹೋಗುವುದಕ್ಕೆ ಕಾರಣ ಅವನಿಗೇ ಸರಿಯಾಗಿ ತಿಳಿದಿರಲಿಲ್ಲ. ಮಾತು ಕೊಟ್ಟ ಮೇಲೆ ಕೊಡಬೇಕು, ಅದೊಂದು. ಅದಕ್ಕಿಂತ ಹೆಚ್ಚಾಗಿ, ಹಲ್ಲಿನ ಡಾಕ್ಟರು ಕೊನೆಗೂ ಹೇಗೆ ಕಂಡುಹಿಡಿದರೆಂದು ಕೇಳದೆ ಇರಲು ಆಗುತ್ತಿರಲಿಲ್ಲ. ಡಾಕ್ಟರು ಕೈ ತೊಳೆಯುತ್ತಿದ್ದರು. ಕೋಟಿನ ಮೇಲೆ ರಕ್ತದ ಒಂದು ಚುಕ್ಕಿಯಿತ್ತು. ಮಾಮನ ಕಂಕುಳಲ್ಲಿದ್ದ ಹಲಗೆ ಕಂಡದ್ದೇ ಅವರು ನಲ್ಲಿ ನಿಲ್ಲಿಸುವುದನ್ನೂ ಮರೆತರು.

"ಅಯ್ಯೋ! ಕೆಡಿಸದೇ ಬಂದುಬಿಟ್ನಾ?"

ಮಾಮನಿಗೆ ಮಾತು ಅರ್ಥವಾಗಲಿಲ್ಲ. "ಏನು ಕೆಡಿಸೋದು?"

ಡಾಕ್ಟರು ನಲ್ಲಿ ನಿಲ್ಲಿಸಿ, ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡರು. ಸುಳ್ಳು ಹೇಳಬಹುದೇ ಎಂದು ಅವರು ಯೋಚಿಸುತ್ತಿದ್ದದ್ದು ಅವರ ಮುಖದಲ್ಲೇ ಕಾಣುತ್ತಿತ್ತು. ಆಮೇಲೆ ರೋಗಿಗಳ ಕುರ್ಚಿಯನ್ನು ತೋರಿಸಿ, "ಕೂತ್ಕೊಳ್ಳಿ ಯಜಮಾನ್ರೇ," ಅಂದರು.

"ಇದು ಇವತ್ತು ಮೊದಲ ಸಲ ಅಲ್ಲ. ನೀವು ಹಲಗೆ ನೇತುಹಾಕಿದ ಮಾರನೇ ವರ್ಷವೋ ಏನೋ, ನೀವು ಒಳಗೆ ಮಲಗಿದ್ರಿ, ಹೇಗೋ ಬಂದುಬಿಡ್ತು. ಕೂಗಬೇಕು ಅಂತಿದ್ದೆ. ನಿಮ್ಮ ಮನೆಯವರು ಓಡಿ ಬಂದು ಕೈ ಮುಗಿದುಬಿಟ್ರು. ಡಾಕ್ಟ್ರೇ, ದಯವಿಟ್ಟು ಹೇಳ್ಬೇಡಿ, ಪ್ಲಾಸ್ಟಿಕ್ ಸಾಮಾನು ಬಂದ್ಮೇಲೆ ಅಂಗಡಿಗೆ ಜನ ಇಲ್ಲ, ಇವರು ಊಟ ಕೂಡ ಸರಿಯಾಗಿ ಮಾಡ್ತಿಲ್ಲ, ಈ ಹಲಗೆ ಒಂದ್ರಿಂದಾನೇ ದಿನಕ್ಕೊಂದು ಸಲ ನಗ್ತಾರೆ ಅಂದ್ರು. ಸರಿ, ಬಿಲ್ಲೆ ಎಲ್ಲ ಕದಡಿಬಿಟ್ಟೆ. ಆಮೇಲೆ ಅದೇ ಅಭ್ಯಾಸ ಆಯ್ತು. ನೀವು ಮಲಗಿದಾಗ ಜೋಡಿಸೋದು, ಏಳೋ ಹೊತ್ತಿಗೆ ಕೆಡಿಸೋದು. ಸತ್ಯ ಹೇಳ್ಬೇಕು ಅಂದ್ರೆ ಕೆಡಿಸೋದೇ ಕಷ್ಟ. ದಿನಾ ಬೇರೆ ಬೇರೆ ಥರ ಸೋತ ಹಾಗೆ ಕಾಣಬೇಕಲ್ಲ."

ಕುರ್ಚಿ ಹಿಂದಕ್ಕೆ ಒರಗುವ ಕುರ್ಚಿ. ಅದಾಗಿಯೇ ಮೆಲ್ಲಗೆ ಒರಗಿ ಮಾಮನನ್ನು ಚಾವಣಿ ನೋಡುವಂತೆ ಮಲಗಿಸಿತು. ಅವನು ಏಳಲೂ ಪ್ರಯತ್ನಿಸಲಿಲ್ಲ. ಚಾವಣಿಯ ಬಿಳುಪಿನಲ್ಲಿ ಅವನಿಗೆ ವರ್ಷಗಳೆಲ್ಲ ಕಂಡವು. ಆ ದೊಡ್ಡ ನಿಟ್ಟುಸಿರುಗಳು, ತಾನು ಕೆಲಸದ ಕೋಣೆಗೆ ಓಡಿಹೋಗಿ ನಕ್ಕದ್ದು, ಸೆರಗಿನ ಹಿಂದೆ ಹೆಂಡತಿ ನಕ್ಕದ್ದು.

"ಆದ್ರೆ ಅದು ಆಗೋದೇ ಅಲ್ಲ ಅಂತ ತಾನೇ ನಾನು ನೇತುಹಾಕಿದ್ದು!" ಅಂದುಬಿಟ್ಟ. ಆಡಬಾರದ ಮಾತು ಎಂದು ಹೊಳೆಯುವಷ್ಟರಲ್ಲಿ ಆಡಿಯಾಗಿತ್ತು.

"ಏನಂದ್ರಿ?"

"ಅದನ್ನ ಯಾರಿಗೂ ಜೋಡಿಸೋಕಾಗಲ್ಲ ಅಂತ ಲೆಕ್ಕ ಇತ್ತು ಡಾಕ್ಟ್ರೇ. ಖಾಲಿ ಮನೆ ಮೇಲೆ ಬರಬಹುದು ಅಂತ ನಂಗೆ ಹೊಳೀಲಿಲ್ಲ."

ಈಗ ಗರ ಬಡಿದಂತೆ ನಿಲ್ಲುವ ಸರದಿ ಡಾಕ್ಟರದಾಗಿತ್ತು. ಟವೆಲು ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಅವರು ಅದನ್ನು ಎತ್ತಿಕೊಳ್ಳಲಿಲ್ಲ.

"ಅಂದ್ರೆ, ಇನ್ನೇನು ಸ್ವಲ್ಪದ್ರಲ್ಲಿ ತಪ್ಪೋಯ್ತು ಅಂತಿದ್ರಲ್ಲ ದಿನಾ? ನಾಳೆ ಆಗೇ ಆಗುತ್ತೆ ಅಂತಿದ್ರಲ್ಲ?"

ಮಾಮ ಹಲಗೆಯನ್ನು ಎದೆಗೆ ಅವುಚಿಕೊಂಡ.

"ಮೊದಲ ವರ್ಷ ನಂಗೆ ನಿಜವಾಗ್ಲೂ ಬರ್ತಿರ್ಲಿಲ್ಲ. ಆಗ ನಮ್ಮ ತಾಯಿ ಹಾಸಿಗೆ ಹಿಡಿದಿದ್ರು. ಅವರ ಕೋಣೇಲಿ ಕೂತು ಕಾಗದದ ಚೂರು ಕತ್ತರಿಸ್ಕೊಂಡು ಇದನ್ನೇ ಜರುಗಿಸ್ತಿದ್ದೆ. ಯಜಮಾನ್ರು ದೊಡ್ಡ ಮನಸ್ಸಿನೋರು ಅಮ್ಮ, ದಿನಾ ಧೈರ್ಯ ಹೇಳ್ತಾರೆ ಅಂತ ಅವ್ರಿಗೂ ಹೇಳಿದ್ದೆ." ಡಾಕ್ಟರ ದನಿ ಏರಲಿಲ್ಲ, ಅದೇ ಮಾಮನಿಗೆ ಹೆಚ್ಚು ಹೆದರಿಕೆ ತಂದಿತು. "ನಾನು ನಿಮಗೋಸ್ಕರ ಸೋಲ್ತಾ ಇದ್ದೆ. ನೀವು ನನ್ನ ಕಿವಿ ಮೇಲೆ ಹೂವಿಡ್ತಾ ಇದ್ರಿ. ಕತ್ತಲಾಗ್ತಿದೆ, ಮನೆಗೆ ಹೋಗಿ."

ಮಾಮ ಮನೆಗೆ ಬಂದಾಗ ಹೆಂಡತಿ ತಟ್ಟೆ ಹಾಕಿ ಕಾಯುತ್ತಿದ್ದಳು. ಅವನ ಮುಖ ನೋಡಿದ ಕೂಡಲೇ ಎಲ್ಲ ತಿಳಿದುಹೋಯಿತು ಅವಳಿಗೆ.

"ಹೇಳಿಬಿಟ್ರಾ?"

"ನಿಂಗೆ ಮೊದಲಿಂದ ಗೊತ್ತಿತ್ತು."

"ಗೊತ್ತಿತ್ತು."

"ನನ್ನ ಜೊತೆ ಸೇರಿ ಅವರನ್ನ ನೋಡಿ ನಗ್ತಿದ್ಯಲ್ಲೇ, ದಿನಾ!"

"ನಗ್ತಿದ್ದೆ. ಯಾರನ್ನ ನೋಡಿ ಅಂತ ಹೇಳಿದ್ನಾ?"

ಅವನು ಗೋಡೆಗೆ ಒರಗಿ ಕೂತ. ಅವಳು ಅವನ ಕಂಕುಳಿಂದ ಹಲಗೆಯನ್ನು ಬಿಡಿಸಿಕೊಂಡು, ನೆಲದ ಮೇಲಿಟ್ಟು, ಬಿಲ್ಲೆಗಳನ್ನೆಲ್ಲ ಕಲಸಿದಳು. ಆಮೇಲೆ ಟಕ್ ಟಕ್ ಟಕ್ ಎಂದು ಜರುಗಿಸತೊಡಗಿದಳು. ಕಾಳು ಆರಿಸುವವಳ ಬೆರಳಿನ ಹಾಗೆ ಅವಳ ಬೆರಳು ಓಡುತ್ತಿತ್ತು. ನಡುವೆ ಒಮ್ಮೆ ಎದ್ದು ಒಲೆ ಆರಿಸಿ ಬಂದಳು. ಮಾಮ ಗೋಡೆಯಿಂದ ಬೆನ್ನು ತೆಗೆಯುವ ಮುನ್ನವೇ ಹಲಗೆಯನ್ನು ಅವನ ಕಡೆ ತಿರುಗಿಸಿದಳು. ಮೊದಲ ಮನೆ ಖಾಲಿ, ಆಮೇಲೆ ಒಂದು, ಎರಡು, ಮೂರು, ಕೊನೆಗೆ ಹದಿನೈದು.

ಮಾಮ ಹಲಗೆಯನ್ನು ಹತ್ತಿರ ಎಳೆದುಕೊಂಡ. "ನೀನು... ಇಂಥದ್ದೆಲ್ಲ ಕೆಲಸ ಇಲ್ದೋರ ಕೆಲಸ ಅಂತಿದ್ಯಲ್ಲ."

"ಈಗ್ಲೂ ಅಂತೀನಿ. ಕೆಲಸ ಮುಗಿದ್ಮೇಲೆ ನಂಗೂ ಕೆಲಸ ಇರಲ್ವಲ್ಲ." ಅವಳು ಅವನೆದುರು ಕೂತಳು. ದನಿ ಮೆತ್ತಗಾಯಿತು. "ಆ ವರ್ಷ ನೀವು ಹೇಗಿದ್ರಿ ಗೊತ್ತಾ? ಲೇತ್ ಮುಂದೆ ಕೂತು ಸುಮ್ನೆ ಚಕ್ರ ತಿರುಗೋದು ನೋಡ್ತಿದ್ರಿ, ಮರಾನೇ ಹಾಕ್ತಿರ್ಲಿಲ್ಲ. ನಂಗೆ ಭಯ ಆಗ್ತಿತ್ತು. ಡಾಕ್ಟ್ರು ಸೋತು ಹೋದ ದಿನ ಮಾತ್ರ ಎರಡು ತುತ್ತು ಹೆಚ್ಚಿಗೆ ತಿಂತಿದ್ರಿ. ನಂಗೆ ಇನ್ನೇನು ದಾರಿ ಇತ್ತು? ಆದ್ರೆ ಅವ್ರಿಗೆ ನೀವು ಮೋಸ ಅಂತ್ಲೇ ನೇತುಹಾಕಿದ್ದು ಅಂತ ನಾನು ಹೇಳ್ಲಿಲ್ಲ. ಅದನ್ನ ನೀವೇ ಹೇಳಿಬಿಟ್ರಿ, ಅಲ್ವಾ?"

ಅವನು ತಲೆಯಾಡಿಸಿದ. ಅವಳು ಹಣೆಗೆ ಕೈ ಹಚ್ಚಿಕೊಂಡಳು.

ಮರುದಿನ ಹಲಗೆ ಬಾಗಿಲಿಗೆ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಬಾಗಿಲ ಪಕ್ಕ ಬಿಸಿಲಿಗೆ ಬಣ್ಣಗೆಟ್ಟ ಗೋಡೆಯ ಮೇಲೆ ಚೌಕದ ಗುರುತೊಂದು ಹೊಸ ಬಣ್ಣದಂತೆ ಉಳಿದಿತ್ತು. ಕೇಳಿದವರಿಗೆಲ್ಲ "ರಿಪೇರಿ" ಎನ್ನುತ್ತಿದ್ದ ಮಾಮ. ಮಧ್ಯಾಹ್ನ ಮಲಗಿದರೆ ನಿದ್ದೆ ಬರುತ್ತಿರಲಿಲ್ಲ. ಚಾಪೆಯ ಮೇಲೆ ಬಿದ್ದುಕೊಂಡು, ಅಂಗಡಿಯ ಕಡೆಯಿಂದ ಟಕ್ ಟಕ್ ಕೇಳೀತೇ ಎಂದು ಕಿವಿ ನೆಟ್ಟಗೆ ಮಾಡಿಕೊಂಡಿರುತ್ತಿದ್ದ. ಸ್ಟೂಲಿನ ಮೇಲೆ ಗಿರಾಕಿಗಳು ಚೀಲ ಇಡುತ್ತಿದ್ದರು. ಒಂದು ಸಲ ಕ್ಲಿನಿಕ್‌ನ ಬಾಗಿಲವರೆಗೂ ಹೋಗಿ, ಒಳಗೆ ಯಂತ್ರದ ಸದ್ದು ಕೇಳಿ, ಹಲ್ಲುನೋವಿನವನಂತೆ ಕೆನ್ನೆ ಹಿಡಿದುಕೊಂಡು ವಾಪಸು ಬಂದ. "ಹೋಗಿ ತಪ್ಪಾಯ್ತು ಅನ್ನಿ, ನಾಲಿಗೆ ಏನು ಸವೆದು ಹೋಗುತ್ತಾ?" ಅಂದಳು ಹೆಂಡತಿ.

ಒಂದು ವಾರ ಕಳೆದಿರಬೇಕು. ಮಾಮ ಲೇತ್ ಮುಂದೆ ಬುಗುರಿಯೊಂದನ್ನು ಕಡೆಯುತ್ತಿದ್ದಾಗ ಬಾಗಿಲ ಬೆಳಕಿಗೆ ಯಾರೋ ಅಡ್ಡ ನಿಂತರು. ಬಿಳಿ ಕೋಟು. ಉಳಿ ಕೈತಪ್ಪಿ ಬುಗುರಿಯ ಮೂತಿ ಹಾರಿಹೋಯಿತು.

"ನಂಗೆ ಬರಬೇಕಾದ್ದು ಇಸ್ಕೊಳ್ಳೋಕೆ ಬಂದೆ," ಅಂದರು ಡಾಕ್ಟರು. ಮುಖದಲ್ಲಿ ನಗುವಿರಲಿಲ್ಲ. "ಕೈ ತೋರಿಸಿದ್ದು ಪುಕ್ಕಟೆ ಅಂತ ಬರೆದಿದ್ರಿ."

"ಬರೆದಿದ್ದೆ. ಏನು ಬೇಕಾದ್ರೂ ತಗೊಳ್ಳಿ ಡಾಕ್ಟ್ರೇ. ನಾನು ಅವತ್ತು..."

"ಆಮೇಲೆ ಮಾತು." ಅವರು ಅಂಗಡಿಯಲ್ಲೆಲ್ಲ ಕಣ್ಣಾಡಿಸಿ, ಚಾವಣಿಗೆ ಹಗ್ಗ ಕಟ್ಟಿ ತೂಗಿಬಿಟ್ಟಿದ್ದ ದೊಡ್ಡ ಮರದ ಕುದುರೆಗೆ ಕೈ ತೋರಿಸಿದರು. ಅದು ಮಾರಾಟದ್ದಲ್ಲ. ಮಾಮ ಅಂಗಡಿ ತೆರೆದ ಹೊಸದರಲ್ಲಿ ಒಂದೇ ದಿಮ್ಮಿಯಿಂದ ಕಡೆದದ್ದು. ಕತ್ತಿನ ಒಂದೊಂದು ಕೂದಲೂ ಎಣಿಸುವಂತಿತ್ತು. ಹೆಂಡತಿ ಒಳಗಿನಿಂದ ಬಂದು ಬಾಗಿಲಲ್ಲೇ ನಿಂತಳು.

"ಸರಿ," ಅಂದ ಮಾಮ.

"ಕಳಿಸಿಕೊಡೋದಲ್ಲ. ನೀವೇ ತಲೆ ಮೇಲೆ ಹೊತ್ಕೊಂಡು ಬರ್ಬೇಕು, ಈಗ್ಲೇ. ದಾರೀಲಿ ಯಾರು ಏನು ಕೇಳಿದ್ರೂ ಇದ್ದದ್ದು ಇದ್ದ ಹಾಗೆ ಹೇಳ್ಬೇಕು. ನಾನು ಹಿಂದೆ ಬರ್ತೀನಿ."

ಮಾಮ ಕುದುರೆ ಇಳಿಸಿದ. ತಲೆಗೆ ಸಿಂಬಿ ಸುತ್ತಿ ಹೊತ್ತ. ತೂಕಕ್ಕೆ ಕತ್ತು ಹೆಗಲೊಳಗೆ ಹೋಯಿತು. ಶಟರ್ ದಾಟಿ ನಾಲ್ಕು ಹೆಜ್ಜೆ ಇಟ್ಟಿದ್ದನೋ ಇಲ್ಲವೋ, ದರ್ಜಿ ಟೇಪು ಹಿಡಿದುಕೊಂಡೇ ಹೊರಗೆ ಬಂದ.

"ಕುದುರೆ ಎಲ್ಲಿಗೆ ಮಾಮ?"

"ಡಾಕ್ಟ್ರ ಕ್ಲಿನಿಕ್‌ಗೆ."

"ಮಾರಿದ್ರಾ?"

"ಇಲ್ಲ. ಹಲಗೆ ಜೋಡಿಸಿ ಗೆದ್ರು."

ದರ್ಜಿ ನಿಂತಲ್ಲೇ ನಿಂತ. "ಏನು! ಜೋಡಿಸಿದ್ರಾ? ಆ ಹಲಗೇನಾ?" ಅವನು ಕೂಗಿದ್ದಕ್ಕೆ ಸೈಕಲ್ ಅಂಗಡಿಯವನು ಕೈಯಲ್ಲಿದ್ದ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಬಿಟ್ಟು ಓಡಿ ಬಂದ. ಕ್ಷೌರಿಕ ಕತ್ತರಿ ಹಿಡಿದು ಬಂದ, ಅವನ ಹಿಂದೆ ಅರ್ಧ ಕತ್ತರಿಸಿದ ತಲೆಯ ಗಿರಾಕಿಯೂ ಬಂದ.

"ಸುಳ್ಳು! ಅದು ಆಗೋದೇ ಇಲ್ವಲ್ಲ!" ಅಂದ ಸೈಕಲ್ ಅಂಗಡಿಯವನು.

ಕುದುರೆಯ ಕೆಳಗಿನಿಂದ ಮಾಮ ಕಣ್ಣೆತ್ತಿ ನೋಡಿದ. "ಆಗೋದಿಲ್ಲ ಅಂತ ನಿಂಗೆ ಯಾರು ಹೇಳಿದ್ರು?"

"ಯಾರಾದ್ರೂ ಹೇಳ್ಬೇಕಾ ಮಾಮ? ಇಷ್ಟು ವರ್ಷ ಇಷ್ಟು ಜನ ಕೈಯಾಡ್ಸಿದೀವಿ. ಅದ್ರಲ್ಲೇನೋ ಮಸಲತ್ತಿದೆ ಅಂತ ಬೀದಿಗೆಲ್ಲ ಗೊತ್ತಿತ್ತು. ನಮ್ಮಪ್ಪಾನೇ ಹೇಳಿದ್ರು, ಅದು ಮಾಮನ ಕಿತಾಪತಿ, ಕೂಡ್ಕೊಳ್ಳಲ್ಲ ಅಂತ."

"ಗೊತ್ತಿದ್ದೂ ಯಾಕಯ್ಯ ಬರ್ತಿದ್ರಿ ಮತ್ತೆ?"

ಸೈಕಲ್ ಅಂಗಡಿಯವನು ಗ್ರೀಸಿನ ಕೈಯಲ್ಲೇ ತಲೆ ಕೆರೆದುಕೊಂಡ. ಆ ಪ್ರಶ್ನೆಯನ್ನು ಅವನು ತನಗೆ ಕೇಳಿಕೊಂಡೇ ಇರಲಿಲ್ಲ. "ಮಜಾ ಬರ್ತಿತ್ತಲ್ಲ," ಅಂದ ಕೊನೆಗೆ. ಕ್ಷೌರಿಕ ಹೌದೆಂದು ಕತ್ತರಿಯಾಡಿಸಿದ. "ಆದ್ರೆ ಆಗುತ್ತೆ ಅಂತ ಗೊತ್ತಿದ್ರೆ ಮನಸ್ಸಿಟ್ಟು ಮಾಡ್ತಿದ್ವಲ್ಲ ಮಾಮ! ಹೀಗಾ ಮೋಸ ಮಾಡೋದು?" ಅಂದ ಸೈಕಲ್ ಅಂಗಡಿಯವನು.

ಮಾಮ ಕುದುರೆಯ ಕಾಲನ್ನು ಬಿಗಿಯಾಗಿ ಹಿಡಿದುಕೊಂಡ. ಯಾರಿಗೂ ಗೊತ್ತಿಲ್ಲವೆಂದು ತಾನು ಬಚ್ಚಿಟ್ಟದ್ದು ಊರಿಗೆಲ್ಲ ಗೊತ್ತಿತ್ತು. ಊರಿಗೆಲ್ಲ ಗೊತ್ತಿದ್ದದ್ದು ಸುಳ್ಳಾಗಿತ್ತು. ಮೋಸ ಮಾಡುತ್ತಿದ್ದೇನೆಂದು ತಿಳಿದಿದ್ದಾಗ ಮೋಸವಿರಲಿಲ್ಲ, ಅದು ನೇರವಾದ ಪಂದ್ಯವೇ ಆಗಿತ್ತು. ಈಗ ಮೋಸವಿರಲಿಲ್ಲ ಎಂದು ಸಾಬೀತಾದಾಗ ಮೋಸಗಾರ ಎನಿಸಿಕೊಳ್ಳುತ್ತಿದ್ದ. ಸಿಂಬಿ ಜಾರಿತು. ಕುದುರೆ ಓಲಾಡಿತು. ಹಿಂದಿನಿಂದ ಎರಡು ಉದ್ದ ಕೈಗಳು ಬಂದು ಅದರ ಹಿಂಗಾಲುಗಳನ್ನು ಹಿಡಿದವು.

"ನಿಮ್ಮ ಗುಟ್ಟು ನಂಗೊಬ್ಬನಿಗೇ ಗೊತ್ತಿರ್ಲಿಲ್ಲ ಅಂತಾಯ್ತು," ಅಂದರು ಡಾಕ್ಟರು. ಅವರ ದನಿ ವಿಚಿತ್ರವಾಗಿತ್ತು. ಮಾಮ ತಿರುಗಿ ನೋಡಲು ಹೋದ, ಕುದುರೆ ಬಿಡಲಿಲ್ಲ. "ಬೀದಿಗೆಲ್ಲ ಗೊತ್ತಿದ್ದದ್ದು ನಂಗೊಬ್ಬ ಪೆದ್ದನಿಗೆ ಗೊತ್ತಿರ್ಲಿಲ್ಲ. ಅದಕ್ಕೇ ತಾನೇ ನಾನು ಬಿಡದೆ ಕೂತಿದ್ದು? ಗೊತ್ತಿದ್ದಿದ್ರೆ ನಾನೂ ಇವರ ಹಾಗೆ ಎದ್ದು ಹೋಗ್ತಿದ್ದೆ." ಆಮೇಲೆ ಅವರು ನಗಲು ಶುರುಮಾಡಿದರು. ಮೊದಲು ಮೂಗಿನಲ್ಲಿ, ಆಮೇಲೆ ಎದೆಯಲ್ಲಿ, ಆಮೇಲೆ ಕುದುರೆಯ ಹಿಂಗಾಲು ಅಲುಗುವಷ್ಟು ಜೋರಾಗಿ.

"ಡಾಕ್ಟ್ರೇ, ತಪ್ಪಾಯ್ತು," ಅಂದ ಮಾಮ, ಕುದುರೆಯ ಹೊಟ್ಟೆಗೆ.

"ಕೇಳಿಸ್ತು. ನಡೀರಿ ಮುಂದೆ, ತೋಳು ಬೀಳ್ತಿದೆ."

ಇಬ್ಬರೂ ಸೇರಿ ಕುದುರೆಯನ್ನು ಕ್ಲಿನಿಕ್‌ನ ಕಾಯುವ ಕೋಣೆಯಲ್ಲಿ ಇಳಿಸಿದರು. ಬಾಗಿಲು ಸಣ್ಣದು, ಕುದುರೆಯನ್ನು ಅಡ್ಡ ಮಲಗಿಸಿ, ಕತ್ತು ಮೊದಲು ತೂರಿಸಿ, ಆಮೇಲೆ ತಿರುಗಿಸಬೇಕಾಯಿತು. ಅಲ್ಲಿ ಕೆನ್ನೆ ಊದಿಸಿಕೊಂಡು ಕೂತಿದ್ದ ಅಜ್ಜಿಯೊಬ್ಬಳು, "ಇದಕ್ಕೂ ಹಲ್ಲು ನೋವೇ?" ಎಂದು ಕೇಳಿದಳು.

ಮಾಮ ವಾಪಸು ಬರುವಷ್ಟರಲ್ಲಿ ಅಂಗಡಿಯ ಮುಂದೆ ಜನ ಮುತ್ತಿತ್ತು. ಅವನ ಹೆಂಡತಿ ಹಲಗೆಯನ್ನು ತೆಗೆದು ಮೊಳೆಗೆ ತಗುಲಿಸಿದ್ದಳು, ಹದಿನಾಲ್ಕು ಹದಿನೈದನ್ನು ಹಿಂದುಮುಂದಾಗಿಯೇ ಇಟ್ಟು. ದರ್ಜಿ ಮೊದಲು ನಾನೆಂದ, ಕ್ಷೌರಿಕ ಮೊದಲು ನಾನೆಂದ. ಸೈಕಲ್ ಅಂಗಡಿಯವನು ಸ್ಟೂಲು ಹಿಡಿದುಕೊಂಡು ಬಿಡಲಿಲ್ಲ. ಇಷ್ಟು ವರ್ಷ ತಮಾಷೆಗೆ ಬೆರಳಾಡಿಸುತ್ತಿದ್ದವರ ಮುಖದಲ್ಲಿ ಈಗ ನಗುವಿರಲಿಲ್ಲ, ಹುಬ್ಬು ಗಂಟಾಗಿತ್ತು, ನಾಲಿಗೆಯ ತುದಿ ಹೊರಗೆ ಬಂದಿತ್ತು.

"ಖಾಲಿ ಮನೆ ಎಲ್ಲಿರ್ಬೇಕು ಮಾಮ?" ಎಂದು ಯಾರೋ ಕೇಳಿದರು.

ಮಾಮ ಹೆಂಡತಿಯ ಕಡೆ ನೋಡಿದ. ಅವಳು ಬೇರೆ ಕಡೆ ನೋಡುತ್ತಿದ್ದಳು. ಹೇಳಿದರೆ ಆಟ ಕೆಡುತ್ತದೆ, ಹೇಳದಿದ್ದರೆ ಮೋಸವೆನ್ನುತ್ತಾರೆ.

"ಹಲಗೆ ಮೇಲೆ ಬರೆದಿರೋದು ಓದ್ಕೊಳ್ಳಪ್ಪ," ಅಂದ ಕೊನೆಗೆ. "ಅದ್ರಲ್ಲಿ ಎಲ್ಲ ಸರಿಯಾಗೇ ಬರೆದಿದೀನಿ."